ಬಾಗಿನದ ಜೊತೆ ಬರುತ್ತಿದ್ದ ಗಿಟಾರು

ಗೌರಿ ಹಬ್ಬದ ದಿನ ಬಿಂಡಿಗನವಿಲೆಯ ನಮ್ಮ ಬೀದಿಯ ಹೆಂಗಸರಿಗೆ ಎರಡು ಕೆಲಸ ಇರುತ್ತಿತ್ತು. ಒಂದು, ತಮ್ಮ ತಮ್ಮ ತವರಿಂದ ಬಾಗಿನ ಬರುವ ದಾರಿ ನೋಡುವುದು. ಇನ್ನೊಂದು, ನನ್ನ ತವರಿಂದ ಈ ಸಲ ಎಂಥದು ಬರುತ್ತದೆ ಎಂದು ನೋಡುವುದು. ಬೇರೆಯವರ ಅಣ್ಣ ತಮ್ಮಂದಿರು ಒಂದು ಮೊರದಲ್ಲಿ ಬಳೆ, ಅರಿಶಿನ ಕುಂಕುಮ, ರವಿಕೆ ಬಟ್ಟೆ, ಅಕ್ಕಿ, ಬೇಳೆ, ಬೆಲ್ಲ ಜೋಡಿಸಿ, ಮೇಲೆ ಇನ್ನೊಂದು ಮೊರ ಮುಚ್ಚಿಕೊಂಡು ಬರುತ್ತಿದ್ದರು. ನನ್ನ ಅಣ್ಣನೂ ಅಷ್ಟನ್ನೂ ತರುತ್ತಿದ್ದ. ಜೊತೆಗೆ ಹೆಗಲಿಗೆ ಒಂದು ಗಿಟಾರು ನೇತು ಹಾಕಿಕೊಂಡು ಬರುತ್ತಿದ್ದ.

ಗಿಟಾರು ನನಗೆ ಕೊಡುವುದಕ್ಕಲ್ಲ, ನಮ್ಮ ಮನೆಯಲ್ಲಿ ಬಚ್ಚಿಡುವುದಕ್ಕೆ. ಎದುರು ಮನೆಯವರಿಗೆ ಅದನ್ನು ಹೇಗೆ ಹೇಳುವುದು? ಅವರು ನಗುತ್ತಾ, "ನಿಮ್ ತವರಲ್ಲಿ ಅರಿಶಿನ ಕುಂಕುಮಕ್ಕಿಂತ ತಂತಿನೇ ಜಾಸ್ತಿ ಅಲ್ವೇನಮ್ಮಿ" ಎನ್ನುತ್ತಿದ್ದರು. ನಾನೂ ನಗುತ್ತಿದ್ದೆ. ಒಳಗೊಳಗೆ ಮುಜುಗರವಾಗುತ್ತಿತ್ತು.

ಅಣ್ಣನ ಹೆಸರನ್ನು ನಾನು ಬರೆಯುವುದಿಲ್ಲ. ಮಾತು ಬಂದಾಗಿನಿಂದ ಅಣ್ಣ ಎಂದೇ ಕರೆದವಳು. ಹೆಸರು ಬರೆದರೆ ರೇಷನ್ ಕಾರ್ಡಿನಲ್ಲಿರುವ ಯಾರೋ ಅನಿಸುತ್ತಾನೆ. ನಾನು ಓದಿದ್ದು ಏಳನೇ ಕ್ಲಾಸಿನವರೆಗೆ. ಅವನು ಅಷ್ಟೂ ಓದಲಿಲ್ಲ. ನಮ್ಮೂರು ಶ್ರೀರಂಗಪಟ್ಟಣದ ಹತ್ತಿರದ ಕಿರಂಗೂರು. ಅಲ್ಲಿ ಸ್ವಲ್ಪ ಗದ್ದೆ ಇತ್ತು. ಅದನ್ನು ನೋಡಿಕೊಂಡು, ಒಂದು ಲಗೇಜು ಟೆಂಪೋ ಇಟ್ಟುಕೊಂಡಿದ್ದ. ಮದುವೆಗೆ ಶಾಮಿಯಾನ, ಹಬ್ಬಕ್ಕೆ ಸ್ಪೀಕರ್ ಡಬ್ಬ, ಗಣೇಶನ ಮುಂದೆ ಹಾಡುವ ಆರ್ಕೆಸ್ಟ್ರಾದವರ ಸಾಮಾನು, ಇವನ್ನೆಲ್ಲ ಊರೂರಿಗೆ ಸಾಗಿಸುವುದು ಅವನ ಕೆಲಸ. ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲದ ಕಡೆಯ ಯಾವ ಹಳ್ಳಿಯ ಗಣೇಶ ಎಷ್ಟು ದಿನ ಕೂರುತ್ತಾನೆ, ಯಾವ ಊರಲ್ಲಿ ಸ್ಟೇಜು ಗಟ್ಟಿಯಾಗಿ ಕಟ್ಟುತ್ತಾರೆ, ಎಲ್ಲಿ ಊಟಕ್ಕೆ ಕಾಯಿಸುತ್ತಾರೆ ಎಲ್ಲ ಅವನಿಗೆ ಗೊತ್ತಿತ್ತು.

ಗಿಟಾರಿನ ಹುಚ್ಚು ಹಿಡಿದದ್ದೂ ಇಂಥದೇ ಒಂದು ಕಡೆ. ಅವನಿಗಿನ್ನೂ ಮದುವೆಯಾಗಿರಲಿಲ್ಲ. ಕೆ.ಆರ್.ಪೇಟೆ ಕಡೆಯ ಒಂದು ಹಳ್ಳಿಯಲ್ಲಿ ಸಾಮಾನು ಇಳಿಸಿದ ಮೇಲೆ ಗಿಟಾರು ಬಾರಿಸುವವನು ಊಟಕ್ಕೆ ಹೋಗುತ್ತಾ, "ಸ್ವಲ್ಪ ಹಿಡ್ಕೊಂಡಿರಣ್ಣ" ಎಂದು ಇವನ ಕೈಗೆ ಕೊಟ್ಟು ಹೋದನಂತೆ. ಅವನು ಬರುವ ತನಕ ಅಣ್ಣ ನಿಂತೇ ಇದ್ದ. ಕೂರಲಿಲ್ಲ, ಕೆಳಗಿಡಲಿಲ್ಲ, ಸೊಳ್ಳೆ ಕಚ್ಚಿದರೆ ಕೆರೆದುಕೊಳ್ಳಲೂ ಇಲ್ಲ. ಯಾರದೋ ಎಳೆ ಮಗುವನ್ನು ಕೈಗೆ ಕೊಟ್ಟರೆ ಗಂಡಸರು ಹೇಗೆ ಹಿಡಿದುಕೊಂಡು ನಿಲ್ಲುತ್ತಾರೋ ಹಾಗೆ. ಅವನು ಬಂದು ಇಸಿದುಕೊಂಡು ಹೋದ ಮೇಲೆ, "ಕೈ ಖಾಲಿ ಆದಂಗಾಯ್ತು ಕಣಮ್ಮಿ. ಏನ್ ಎತ್ಕೊಂಡ್ರೂ ತುಂಬ್ನಿಲ್ಲ" ಎಂದು ನನಗೆ ಹೇಳಿದ್ದ. ಆ ಸುಗ್ಗಿ ಮುಗಿಯುವುದರೊಳಗೆ ಮನೆಗೆ ಮೊದಲನೆಯ ಗಿಟಾರು ಬಂತು.

ಆಮೇಲೆ ಬರುತ್ತಲೇ ಇದ್ದವು. ಆರ್ಕೆಸ್ಟ್ರಾಗಳು ಮುಚ್ಚಿದಾಗ, ಬಾರಿಸುವ ಹುಡುಗರು ಫ್ಯಾಕ್ಟರಿ ಸೇರಿದಾಗ, ಅವರ ಮನೆಯ ಮೂಲೆಯಲ್ಲಿ ಗಿಟಾರು ಒರಗಿಕೊಂಡು ನಿಂತಿರುತ್ತಿತ್ತು. ಅಂಥ ಮನೆ ಎಲ್ಲಿದೆ ಎಂದು ಅಣ್ಣನಿಗೆ ಹೇಗೋ ತಿಳಿದುಬಿಡುತ್ತಿತ್ತು. ಕೊಳ್ಳುವ ಮೊದಲು ಅವನು ಮಾಡುತ್ತಿದ್ದುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಸುತ್ತ ಒಂದು ಸಲ ತಿರುಗುತ್ತಿದ್ದ. ಬೆನ್ನು ತಟ್ಟುತ್ತಿದ್ದ. ಕುತ್ತಿಗೆಯನ್ನು ಒಂದು ಕಣ್ಣು ಮುಚ್ಚಿ ಉದ್ದಕ್ಕೆ ನೋಡುತ್ತಿದ್ದ. ಕೊನೆಗೆ ಮಧ್ಯದ ತೂತಿಗೆ ಮೂಗಿಟ್ಟು ಮೂಸುತ್ತಿದ್ದ. ಒಳಗಿನ ಮರದ ವಾಸನೆ ನೋಡಿದರೆ ಅದು ಬಾಳಿದ ಮನೆ ಎಂಥದೆಂದು ಗೊತ್ತಾಗುತ್ತದಂತೆ. ಮನೆಗೆ ತಂದ ಮೇಲೆ ದನಗಳಿಗೆ ಇಡುವಂತೆ ಹೆಸರಿಡುತ್ತಿದ್ದ. ಕೆಂಪಿ, ಕರಿಯಮ್ಮ, ತಲೆ ಮುರಿದದ್ದಕ್ಕೆ ಮೊಂಡಿ.

ಇಷ್ಟೆಲ್ಲ ಇದ್ದರೂ ಬಾರಿಸುವುದಕ್ಕೆ ಬರುತ್ತಿದ್ದುದು ಒಂದೇ ಒಂದು ಹಾಡು, ಅದೂ ಅರ್ಧ. ಉಳಿದರ್ಧ ಬಾಯಲ್ಲಿ ಗುನುಗುತ್ತಿದ್ದ. ಕಲಿಯಬಾರದೇ ಎಂದು ಕೇಳಿದರೆ, "ಬಾರ್ಸೋರು ಬೇಕಾದಷ್ಟು ಜನ ಅವ್ರೆ. ಸಾಕೋರು ಬೇಕಲ್ಲ" ಎನ್ನುತ್ತಿದ್ದ. ಒಂದು ಇರುವಾಗ ಇನ್ನೊಂದು ಯಾಕೆ ಎಂದರೆ, "ಇದು ಬೇರೆ" ಎನ್ನುತ್ತಿದ್ದ. ಎಲ್ಲಕ್ಕೂ ಅದೇ ಉತ್ತರ. ಎರಡನ್ನು ಪಕ್ಕಪಕ್ಕ ಇಟ್ಟುಕೊಂಡು ಒಂದೇ ತಂತಿಯನ್ನು ಮೀಟಿ, ಮುಖ ನೋಡುತ್ತಾ, "ಗೊತ್ತಾಯ್ತಾ?" ಎಂದು ಕೇಳುತ್ತಿದ್ದ. ನನಗೆ ಏನೂ ಗೊತ್ತಾಗುತ್ತಿರಲಿಲ್ಲ. ಹೂಂ ಅನ್ನುತ್ತಿದ್ದೆ. ಆ ಹೂಂ ಕೇಳಿ ಅವನಿಗೆ ಆಗುತ್ತಿದ್ದ ಸಂತೋಷಕ್ಕೋಸ್ಕರ ಇನ್ನೊಂದು ಸಲ ಹೂಂ ಅನ್ನುತ್ತಿದ್ದೆ.

ಇದೆಲ್ಲ ನಡೆಯದೇ ಇದ್ದದ್ದು ನಮ್ಮ ಅತ್ತಿಗೆಯ ಮುಂದೆ. ಅತ್ತಿಗೆ ಒರಟು ಮಾತಿನ ಹೆಂಗಸು. ಗಿಟಾರು ಬಂದಾಗಲೆಲ್ಲ ಅಣ್ಣ, "ಇದು ನಮ್ದಲ್ಲ, ಬೇರೆಯವ್ರದು. ರಿಪೇರಿಗೆ ಬಂದದೆ" ಎಂದು ಹೇಳುತ್ತಿದ್ದ. ಬೇರೆಯವರು ಒಬ್ಬರೂ ತಿರುಗಿ ಬರುತ್ತಿರಲಿಲ್ಲ. ಅತ್ತಿಗೆ ಜಗಳ ಮಾಡಲಿಲ್ಲ. ದಿನಾ ಸಂಜೆ ಗೂಡಿಗೆ ಬಂದ ಕೋಳಿ ಲೆಕ್ಕ ಹಾಕುವಂತೆ ಗೋಡೆಯ ಮೇಲಿನ ಗಿಟಾರುಗಳನ್ನು ಎಣಿಸತೊಡಗಿದಳು. ಆಗ ಅಣ್ಣ ಹೊಸದನ್ನು ಗೋಡೆಗೆ ಹಾಕಿ ಹಳೆಯದನ್ನು ಮಂಚದ ಕೆಳಗೆ ತಳ್ಳಿ ಲೆಕ್ಕ ಸರಿ ಮಾಡುತ್ತಿದ್ದ. ಬಟ್ಟೆ ಹೊದಿಸಿ ಭತ್ತದ ಮೂಟೆಗಳ ಹಿಂದೆಯೂ ಇಡುತ್ತಿದ್ದ. ಅದೂ ಬಹಳ ದಿನ ನಡೆಯಲಿಲ್ಲ. ಒಂದು ದಿನ ನಾನು ತವರಿಗೆ ಹೋಗಿದ್ದಾಗ ಅತ್ತಿಗೆ ಅವನ ಎದುರಿಗೇ ಹೇಳಿದಳು.

"ನಿಮ್ಮಣ್ಣ ನನ್ನ ದಡ್ಡಿ ಅಂದ್ಕೊಂಡವ್ರೆ. ನಾನು ಈಗ ಗಿಟಾರು ಎಣಿಸಾಕಿಲ್ಲ ಕಣಮ್ಮಿ. ಮೊಳೆ ಎಣಿಸ್ತೀನಿ. ಗೋಡೆಗೆ ಒಂದು ಮೊಳೆ ಜಾಸ್ತಿ ಆಯ್ತು ಅಂದ್ರೆ ಇವ್ರುನ್ನೂ ಅದುಕ್ಕೇ ನೇತಾಕ್ತೀನಿ."

ಅಣ್ಣ ಮುದ್ದೆ ಮುರಿಯುತ್ತಾ ತಲೆ ಎತ್ತದೆ ನಕ್ಕ. ಅಲ್ಲಿಗೆ ಮೊಳೆ ಹೊಡೆಯುವುದು ನಿಂತಿತು. ಅದಾದ ಮೇಲೇ ಗಿಟಾರುಗಳು ತಂಗಿಯರ ಮನೆಗೆ ಬರಲು ಶುರುವಾದದ್ದು.

ತಂಗಿಯರು ನಾವಿಬ್ಬರು. ನನಗಿಂತ ದೊಡ್ಡವಳು, ನನ್ನ ಅಕ್ಕ, ಚಿನಕುರಳಿಯಲ್ಲಿದ್ದಾಳೆ. ಅಲ್ಲಿ ಕಲ್ಲು ಒಡೆಯುವ ಕಡೆಯಿಂದ ಬರುವ ಧೂಳು ಅಟ್ಟ, ಅಲಮಾರು ಎನ್ನದೆ ಎಲ್ಲದರ ಮೇಲೂ ಕೂರುತ್ತದೆ. ಅಕ್ಕ ತನ್ನ ಹಳೆಯ ಸೀರೆಗಳನ್ನು ಹರಿದು ಒಂದೊಂದು ಗಿಟಾರಿಗೂ ಸುತ್ತಿ ಇಟ್ಟಿದ್ದಳು. ಅದನ್ನು ನೋಡಿ ಅಣ್ಣ, ನನ್ನ ಗಿಟಾರುಗಳಿಗೆಲ್ಲ ಸೀಮಂತ ಮಾಡಿಬಿಟ್ಟಿದ್ದೀಯಲ್ಲೇ ಎಂದು ರೇಗಿಸುತ್ತಿದ್ದ. ಅಕ್ಕನ ಮನೆಯಲ್ಲಿ ಗಂಡ ಮಾತ್ರ. ನನ್ನ ಮನೆಯಲ್ಲಿ ಅತ್ತೆ. ನಮ್ಮತ್ತೆ ಕೆಟ್ಟವರಲ್ಲ. ಆದರೆ ಸೊಸೆಯ ತವರಿನವರು ಹಬ್ಬಕ್ಕೆ ಬರುವುದು ಹೇಗಿರಬೇಕು ಎಂಬುದರ ಬಗ್ಗೆ ಅವರಿಗೆ ಒಂದು ಲೆಕ್ಕ ಇತ್ತು. ಆ ಲೆಕ್ಕದಲ್ಲಿ ಗಿಟಾರು ಇರಲಿಲ್ಲ.

ಒಂದೊಂದು ಸಲವೂ ಗಿಟಾರು ಕೊಡುವಾಗ ಅಣ್ಣ ಹೇಳುತ್ತಿದ್ದ ಮಾತು ಒಂದೇ. "ಬಿಸ್ಲು, ಹೊಗೆ, ನೀರು, ಈ ಮೂರೂ ತಾಗಕೂಡ್ದು ಕಣಮ್ಮಿ. ಅಂಟು ಬುಟ್ಕೊಬುಡ್ತದೆ." ಇದನ್ನು ನಾನು ಯಾಕೆ ಇಷ್ಟು ನೆನಪಿಟ್ಟುಕೊಂಡು ಬರೆಯುತ್ತಿದ್ದೇನೆ ಎಂದರೆ, ನನಗೆ ಗೊತ್ತಿರಲಿಲ್ಲ ಎಂದು ಹೇಳುವ ಹಾಗಿಲ್ಲ, ಅದಕ್ಕೆ.

ಆ ವರ್ಷದ ಗೌರಿ ಹಬ್ಬ. ನಮ್ಮ ಮನೆಯ ಪದ್ಧತಿಯಲ್ಲಿ ಸೊಸೆ ತವರಿನ ಬಳೆ ತೊಟ್ಟ ಮೇಲೇ ಗೌರಮ್ಮನಿಗೆ ಪೂಜೆ ಮಾಡಬೇಕು, ಆಮೇಲೆ ಊಟ. ಬೆಳಿಗ್ಗೆ ಎದುರು ಮನೆಗೆ ಬಾಗಿನ ಬಂತು. ಪಕ್ಕದ ಮನೆಗೆ ಬಂತು. ಮಧ್ಯಾಹ್ನದ ಹೊತ್ತಿಗೆ ಬೀದಿಯಲ್ಲಿ ಬಾಗಿನ ಬಾರದೆ ಕೂತವಳು ನಾನೊಬ್ಬಳೇ. ಅಣ್ಣನ ಫೋನು ಸಿಗುತ್ತಿರಲಿಲ್ಲ. ಅತ್ತೆ ಬಾಗಿಲಿಗೂ ಒಳಕ್ಕೂ ಓಡಾಡುತ್ತಿದ್ದರು. ಹೊಟ್ಟೆ ಹಸಿದಿದ್ದಕ್ಕಿಂತ ಅವರ ಆ ಓಡಾಟವೇ ನನ್ನನ್ನು ತಿನ್ನುತ್ತಿತ್ತು. ಬೀದಿಯ ಹೆಂಗಸರು ಹೊಸ ಬಳೆ ಸದ್ದು ಮಾಡಿಕೊಂಡು ಬಂದು, ಇನ್ನೂ ಬರಲಿಲ್ಲವಾ ಎಂದು ಕೇಳಿ ಹೋಗುತ್ತಿದ್ದರು.

ಟೆಂಪೋ ಬಂದಾಗ ದೀಪ ಹಚ್ಚುವ ಹೊತ್ತು. ನಾನು ಓಡಿ ಹೋಗಿ ಬಾಗಿಲ ಹತ್ತಿರ ನಿಂತೆ. ಅಣ್ಣ ಇಳಿದು, ಟೆಂಪೋದ ಆ ಕಡೆಯ ಬಾಗಿಲು ತೆಗೆದು, ಮೊದಲು ಗಿಟಾರನ್ನು ಎತ್ತಿದ. ಜೇನಿನ ಬಣ್ಣದ್ದು. ತಿರುಗಿಸಿ ನೋಡಿದ, ಬೆನ್ನು ತಟ್ಟಿದ.

"ಸದ್ಯ, ಏನೂ ಆಗಿಲ್ಲ" ಎಂದ.

ಆಮೇಲೆ ಮೊರ ಎತ್ತಿದ. ಒಳಗೆ ಚೂರುಗಳ ಸದ್ದಾಯಿತು. ದಾರಿಯಲ್ಲಿ ಎಲ್ಲೋ ಹಳ್ಳಕ್ಕೆ ಇಳಿದಾಗ ಗಿಟಾರು ಜಾರಿ ಮೊರದ ಮೇಲೆ ಕೂತಿತ್ತು. ಮೇಲಿನ ಮೊರ ಬಗ್ಗಿ, ಕೆಳಗಿನ ಹಸಿರು ಬಳೆಗಳೆಲ್ಲ ಪುಡಿ. ಅಕ್ಕಿಯಲ್ಲಿ, ಬೆಲ್ಲದಲ್ಲಿ ಗಾಜಿನ ಚೂರು. ಕೆ.ಆರ್.ಪೇಟೆಯಲ್ಲಿ ಒಬ್ಬ ಗಿಟಾರು ಕೊಡುತ್ತೇನೆಂದು ಹೇಳಿದ್ದನಂತೆ. ಅವನು ಹಿಂದಿನ ರಾತ್ರಿಯ ಕಾರ್ಯಕ್ರಮ ಮುಗಿಸಿ ಮಲಗಿದ್ದವನು ಏಳುವ ತನಕ ಅಣ್ಣ ಅವನ ಜಗಲಿಯಲ್ಲಿ ಕಾದು ಕೂತಿದ್ದನಂತೆ. ಅಣ್ಣ ಇದನ್ನೆಲ್ಲ ಹೇಳುತ್ತಲೇ ಚೂರು ಆಯತೊಡಗಿದ. ಬೆರಳಿಗೆ ಚುಚ್ಚಿ ರಕ್ತ ಬಂತು. ಅತ್ತೆ, "ತವರಿನ ಬಳೆ ಬೀದೀಲೇ ಒಡೆದೋದ್ವಲ್ಲಪ್ಪ" ಎಂದರು. ಅಷ್ಟೇ ಅಂದದ್ದು. ಅವತ್ತು ನಾನು ಎದುರು ಮನೆಯವಳು ಕೊಟ್ಟ, ಅವಳ ತವರಿನ ಬಳೆ ತೊಟ್ಟು ಪೂಜೆ ಮಾಡಿದೆ.

ಅಣ್ಣ ಊಟ ಮಾಡಿ, ಮಾರನೆಯ ದಿನ ಗಣೇಶನ ಲೋಡು ಇದೆ ಎಂದು ಹೊರಟ. ಹೋಗುವಾಗ, ಬಿಸಿಲು, ಹೊಗೆ, ನೀರು ಎಂದು ಮತ್ತೆ ಹೇಳಿದ. ಟೆಂಪೋ ತಿರುವು ದಾಟಿದ ಮೇಲೆ ಅತ್ತೆ ಆ ಗಿಟಾರನ್ನು ನೋಡುತ್ತಾ, "ಇದುನ್ನೆಲ್ಲಿ ಇಕ್ಕೀಯೆ? ಅಟ್ಟಕ್ಕಾಕು. ಮರದ್ದಲ್ವಾ, ಹೊಗೆ ತಾಗ್ತಿದ್ರೆ ಕುಟ್ಟೆ ಹುಳ ಇಡಿಯಾಕಿಲ್ಲ" ಎಂದರು.

ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ನಮ್ಮ ಹಿತ್ತಲ ಅಡುಗೆ ಮನೆಯಲ್ಲಿ ಸೌದೆ ಒಲೆ ಇದೆ. ಗ್ಯಾಸು ಬಂದ ಮೇಲೂ ಮುದ್ದೆಗೆ, ನೀರು ಕಾಯಿಸುವುದಕ್ಕೆ ಅದೇ. ಒಲೆಯ ಮೇಲಿನ ಅಟ್ಟದಲ್ಲಿ ಅವರೆ ಬೀಜ, ಜೋಳದ ತೆನೆ, ಸೋರೆ ಬುರುಡೆ, ಗುದ್ದಲಿಯ ಕಾವು ಎಲ್ಲ ಇಡುತ್ತೇವೆ. ಹುಳ ಬೀಳದೆ ವರ್ಷಗಟ್ಟಲೆ ಬಾಳಬೇಕಾದದ್ದನ್ನೆಲ್ಲ ಹೊಗೆಗೇ ಒಪ್ಪಿಸುವುದು ಅತ್ತೆಗೆ ಅವರತ್ತೆ ಕಲಿಸಿದ್ದು. ಗಿಟಾರನ್ನು ಅವರು ಬೀಜದಷ್ಟೇ ಮರ್ಯಾದೆಯಿಂದ ಇಡಲು ಹೇಳಿದರು. ನಾನು ಆಗ, ಇಲ್ಲ ಅತ್ತೆ, ಹೊಗೆ ಆಗದು ಎನ್ನಬೇಕಿತ್ತು. ನನ್ನ ಕಿವಿಯಲ್ಲಿ ಇದ್ದದ್ದು, ಸದ್ಯ ಏನೂ ಆಗಿಲ್ಲ ಎಂಬ ಮಾತು. ಕೈಯಲ್ಲಿ ಇದ್ದದ್ದು ಬೇರೆಯವಳ ಬಳೆ. ಏಣಿ ಹಾಕಿ ಹತ್ತಿ, ಜೋಳದ ತೆನೆಗಳ ಪಕ್ಕ, ಒಲೆಗೆ ನೇರವಾಗಿ, ಗಿಟಾರನ್ನು ಇಟ್ಟೆ. ಹಳೆಯವು ಕೋಣೆಯಲ್ಲೇ ಇದ್ದವು. ಅವುಗಳ ಪಕ್ಕ ಜಾಗವೂ ಇತ್ತು.

ಸಿಟ್ಟು ನಾಲ್ಕು ದಿನ ಇದ್ದಿರಬಹುದು. ಆಮೇಲೆ ಇಳಿಸಬಹುದಿತ್ತು. ಒಲೆ ಊದುವಾಗ ತಲೆ ಎತ್ತಿದರೆ ಅದರ ತುದಿ ಕಾಣುತ್ತಿತ್ತು. ನಾಳೆ ಇಳಿಸೋಣ ಎಂದುಕೊಳ್ಳುತ್ತಿದ್ದೆ. ಕೆಲವು ದಿನ ಕಳೆದ ಮೇಲೆ ಏನಾಗಿದೆಯೋ ಎಂದು ನೋಡಲು ಭಯವಾಗಿ ತಲೆ ಎತ್ತುವುದನ್ನೇ ಬಿಟ್ಟೆ. ದೀಪಾವಳಿ ಹೋಯಿತು, ಅವರೆಕಾಯಿ ಕಾಲ ಬಂತು. ಒಂದು ದಿನ ಅಣ್ಣ ನಾಗಮಂಗಲಕ್ಕೆ ಶಾಮಿಯಾನ ತಂದಿದ್ದೇನೆ, ಹಾಗೇ ಬಂದು ಹೋಗುತ್ತೇನೆ ಎಂದು ಫೋನು ಮಾಡಿದ. ಗಡಿಬಿಡಿಯಲ್ಲಿ ಇಳಿಸಿದೆ. ಜೇನಿನ ಬಣ್ಣ ಹೋಗಿ ಕಾಫಿ ಡಿಕಾಕ್ಷನ್ನಿನ ಬಣ್ಣ ಬಂದಿತ್ತು. ಹೊಟ್ಟೆ ಉಬ್ಬಿತ್ತು, ತಂತಿ ಕಟ್ಟುವ ಪಟ್ಟಿ ಮೇಲೆದ್ದಿತ್ತು, ಕುತ್ತಿಗೆ ವಾಲಿತ್ತು. ಒದ್ದೆ ಬಟ್ಟೆಯಲ್ಲಿ ಮಸಿ ಒರೆಸಿ ಕೋಣೆಯಲ್ಲಿ ಉಳಿದವುಗಳ ನಡುವೆ ನಿಲ್ಲಿಸಿದೆ.

ಅಣ್ಣ ಬಂದು ಎಲ್ಲವನ್ನೂ ಮಾತಾಡಿಸಿದ. ಕೆಂಪಿ ಹೇಗಿದ್ದೀಯೆ, ಮೊಂಡಿ ಹೇಗಿದ್ದೀಯೆ. ಕೊನೆಗೆ ಇದರ ಹತ್ತಿರ ಬಂದ. ಎತ್ತಿಕೊಂಡು ಕುತ್ತಿಗೆ ನೋಡಿದ. ತೂತಿಗೆ ಮೂಗಿಟ್ಟ. ಬಹಳ ಹೊತ್ತು ತೆಗೆಯಲಿಲ್ಲ. ಆಮೇಲೆ ಹಿತ್ತಲ ಬಾಗಿಲ ಕಡೆ ನೋಡಿದ, ಒಲೆಯ ಹೊಗೆ ಹೊರಗೆ ಹೋಗುತ್ತಿತ್ತು. ಆಮೇಲೆ ನನ್ನನ್ನು ನೋಡಿದ.

"ಎಲ್ಲಿಟ್ಟಿದ್ದಮ್ಮಿ ಇದುನ್ನ?"

"ಇಲ್ಲೇ ಕಣಣ್ಣ, ಕೋಣೇಲೇ. ಅದೇ ಅಂಗಾಯ್ತು."

ಅಣ್ಣ ಸ್ವಲ್ಪ ಹೊತ್ತು ಅದರ ಹೊಟ್ಟೆಯ ಮೇಲೆ ಕೈಯಾಡಿಸುತ್ತಿದ್ದ. "ಅಂಗೂ ಆಯ್ತದೆ" ಎಂದ. "ಮರ ಅಲ್ವಾ."

ಆ ಗಿಟಾರನ್ನು ತೆಗೆದುಕೊಂಡು ಹೋದ. ಶ್ರೀರಂಗಪಟ್ಟಣದಲ್ಲಿ ಮಂಚ, ಮೇಜು ಮಾಡುವ ಖಾದರ್ ಭಾಯ್ ಎಂಬುವವರಿದ್ದಾರೆ. ಗಿಟಾರು ರಿಪೇರಿ ಅವರ ಕಸುಬಲ್ಲ, ಅಣ್ಣನ ಕಾಟಕ್ಕೆ ಕಲಿತದ್ದು. ಅವರಿಗೆ ಕೊಟ್ಟು ಸರಿ ಮಾಡಿಸಿದನಂತೆ. ಅದು ಮತ್ತೆ ನಮ್ಮ ಮನೆಗೆ ಬರಲಿಲ್ಲ. ಮುಂದಿನ ತಿಂಗಳುಗಳಲ್ಲಿ ಕೋಣೆಯಲ್ಲಿದ್ದವನ್ನೂ ತಂತಿ ಬದಲಾಯಿಸಬೇಕು ಎಂದು ಒಂದೊಂದಾಗಿ ತೆಗೆದುಕೊಂಡು ಹೋದ. ಅವೂ ಬರಲಿಲ್ಲ.

ಮುಂದಿನ ಗೌರಿ ಹಬ್ಬಕ್ಕೆ ಅಣ್ಣ ಬೀದಿಗೆಲ್ಲ ಮೊದಲು ಬಂದ. ಟೆಂಪೋದಲ್ಲಿ ಅಲ್ಲ, ಬೆಳಗಿನ ಮೊದಲ ಬಸ್ಸಿನಲ್ಲಿ. ಎರಡೂ ಕೈಯಲ್ಲಿ ಮೊರ ಹಿಡಿದುಕೊಂಡಿದ್ದ. ಹೆಗಲು ಖಾಲಿ. ಎದುರು ಮನೆಯವಳು, ಗಿಟಾರೆಲ್ಲಿ ಅಣ್ಣಯ್ಯ ಎಂದು ಕೇಳಿದ್ದಕ್ಕೆ, ಮನೆಯಲ್ಲೇ ಜಾಗ ಆಗಿದೆ ಕಣವ್ವ ಎಂದ. ಅದಾದ ಮೇಲೆ ಪ್ರತಿ ವರ್ಷವೂ ಹಾಗೇ. ಮೊದಲ ಬಸ್ಸು, ಮೊರ, ಖಾಲಿ ಹೆಗಲು. ಗಿಟಾರುಗಳು ಚಿನಕುರಳಿಗೆ ಹೋಗುತ್ತಲೇ ಇದ್ದವು. ಅಕ್ಕ ಫೋನಿನಲ್ಲಿ, ಅಣ್ಣ ಇನ್ನೊಂದು ತಂದ ಕಣೇ, ಇನ್ನು ನನ್ನ ಹತ್ತಿರ ಹರಿಯೋ ಸೀರೆ ಇಲ್ಲ ಎಂದು ನಗುತ್ತಾ ಹೇಳಿದರೆ, ಏನೋ ನೆಪ ಹೇಳಿ ಫೋನು ಇಡುತ್ತಿದ್ದೆ. ಬೀದಿಯವರು ನಗುತ್ತಾರೆ ಎಂದು ಬೇಡವಾಗಿದ್ದ ವಸ್ತು ಈಗ ಬರುವುದಿಲ್ಲ ಎಂದು ಅಳು ಬರುತ್ತಿತ್ತು. ನನ್ನ ಮೇಲೆ ನಂಬಿಕೆ ಹೋಗಿದೆ ಎಂದುಕೊಂಡೆ. ಪ್ರತಿ ಗೌರಿಗೂ, ಈ ಸಲ ಹೇಳಿಬಿಡೋಣ, ನಾನೇ ಬೇಕೆಂದು ಅಟ್ಟಕ್ಕೆ ಹಾಕಿದೆ ಎಂದು ಹೇಳಿಬಿಡೋಣ ಎಂದು ಅಂದುಕೊಳ್ಳುತ್ತಿದ್ದೆ. ಅಣ್ಣ ಜಗಲಿಯ ಮೇಲೆ ಕೂತು ಕಾಫಿ ಕುಡಿಯುವಾಗ ಎದುರಿಗೆ ನಿಂತು, ಗದ್ದೆ ನಾಟಿ ಆಯ್ತಾ ಎಂದು ಕೇಳುತ್ತಿದ್ದೆ.

ಹೋದ ವರ್ಷ, ಗೌರಿ ಹಬ್ಬಕ್ಕೆ ಇನ್ನೂ ಸಾಕಷ್ಟು ದಿನ ಇರುವಾಗಲೇ, ಅಣ್ಣ ಗದ್ದೆಯಿಂದ ಬಂದು ಎದೆ ಹಿಡಿದಂಗಾಗಿದೆ ಎಂದು ಕೂತವನು ಏಳಲಿಲ್ಲ. ನಾನು ಹೋಗುವ ಹೊತ್ತಿಗೆ ನಡುಮನೆಯಲ್ಲಿ ಮಲಗಿಸಿದ್ದರು. ಗೋಡೆಯ ತುಂಬ ಗಿಟಾರು; ಅತ್ತಿಗೆ ಯಾವಾಗಲೋ ಮೊಳೆ ಎಣಿಸುವುದನ್ನು ಬಿಟ್ಟಿದ್ದಳು. ಬಂದವರೆಲ್ಲ ಅವನನ್ನು ನೋಡಿ ಆಮೇಲೆ ತಲೆ ಎತ್ತಿ ಅವನ್ನು ನೋಡುತ್ತಿದ್ದರು.

ತಿಥಿಗೆ ಖಾದರ್ ಭಾಯ್ ಬಂದಿದ್ದರು. ಊಟ ಮುಗಿದ ಮೇಲೆ ಗೋಡೆಯ ಹತ್ತಿರ ನಿಂತು ಒಂದೊಂದನ್ನೂ ಮುಟ್ಟಿ ನೋಡುತ್ತಿದ್ದರು. ಆ ಕಾಫಿ ಬಣ್ಣದ್ದರ ಮುಂದೆ ನನ್ನನ್ನು ಕಂಡು, ನೀವು ತಂಗಿ ಅಲ್ವಾ ಎಂದರು. ನಿಮ್ಮಣ್ಣ ಅಂಗಡಿಗೆ ಬಂದರೆ ನನ್ನ ಮಂಚದ ಕೆಲಸ ನಿಂತೇ ಹೋಗುತ್ತಿತ್ತು ಎಂದು ನಕ್ಕು ಕಣ್ಣು ಒರೆಸಿಕೊಂಡರು. ಆಮೇಲೆ ಅದೇ ಗಿಟಾರನ್ನು ತೋರಿಸಿದರು.

"ಇದು ತಂದಾಗ ಏನಾಯ್ತು ಭಾಯ್ ಅಂತ ಕೇಳ್ದೆ. ಟೆಂಪೋದಾಗೆ ಇಂಜಿನ್ ಪಕ್ಕ ಇಟ್ಬುಟ್ಟೆ, ನಂದೇ ತಪ್ಪು ಅಂದ್ರು. ಇಂಜಿನ್ ಹೊಗೆಗೆ ಡೀಸೆಲ್ ವಾಸ್ನೆ ಇರ್ತದೆ ಅಲ್ವಾ ಬೆಹೆನ್. ಇದು ಒಲೆ ಹೊಗೆ. ನಾನು ಸುಮ್ನಾದೆ. ಒಳಗೆ ಪಾಲಿಶ್ ಹೊಡ್ದು ವಾಸ್ನೆ ತೆಗೀತೀನಿ ಅಂದ್ರೆ, ಬ್ಯಾಡ, ಇರ್ಲಿ ಅಂದ್ರು."

ಅಣ್ಣನಿಗೆ ಅವತ್ತೇ ಗೊತ್ತಾಗಿತ್ತು. ನಾನು ಎದುರಿಗೆ ನಿಂತು ಸುಳ್ಳು ಹೇಳಿದೆ. ಅವನು ಅದನ್ನು ಮುಚ್ಚಲು ಇನ್ನೊಬ್ಬರಿಗೆ ಸುಳ್ಳು ಹೇಳಿದ. ವಾಸನೆಯನ್ನು ಯಾಕೆ ಉಳಿಸಿಕೊಂಡ? ತಂಗಿ ಮಾಡಿದ್ದು ಮರೆಯದಿರಲಿ ಎಂದೋ? ಊರಿಗೆ ವಾಪಸು ಬರುವ ದಾರಿಯುದ್ದಕ್ಕೂ, ಆಮೇಲೆ ಎಷ್ಟೋ ದಿನ ಒಲೆ ಹಚ್ಚುವಾಗಲೂ, ಇದೇ ಯೋಚನೆ.

ಹೋದ ವರ್ಷ ತವರಲ್ಲಿ ಹಬ್ಬ ಇರಲಿಲ್ಲ, ಬಾಗಿನವೂ ಬರಲಿಲ್ಲ. ಈ ವರ್ಷ ಅಣ್ಣನ ಮಗ ತರುತ್ತಾನೆ ಎಂದುಕೊಂಡಿದ್ದೆ. ಈಗ ಟೆಂಪೋ ಓಡಿಸುವವನು ಅವನೇ. ಬೆಳಿಗ್ಗೆ ಬಸ್ಸಿನ ಸದ್ದಾಗಿ ಸ್ವಲ್ಪ ಹೊತ್ತಿಗೆ ಬೀದಿಯಲ್ಲಿ ನಗು ಕೇಳಿ ಹೊರಗೆ ಬಂದೆ. ಅತ್ತಿಗೆ ಬರುತ್ತಿದ್ದಳು. ಎರಡೂ ಕೈಯಲ್ಲಿ ಮೊರ. ಹೆಗಲಲ್ಲಿ, ಅಕ್ಕನ ಮನೆಯವುಗಳ ಹಾಗೆ, ಹಳೆಯ ಸೀರೆ ಸುತ್ತಿದ ಗಿಟಾರು. ಮೊಳೆ ಎಣಿಸುತ್ತಿದ್ದ ಅತ್ತಿಗೆ.

"ಬಸ್ಸಲ್ಲಿ ಒಂದ್ ಹಾಡೇಳಮ್ಮ ಅಂತ ಪ್ರಾಣ ತಿಂದ್ಬುಟ್ರು ಕಣಮ್ಮಿ" ಎಂದಳು. "ನಿಮ್ಮಣ್ಣ ಇಷ್ಟು ವರ್ಷ ಎಂಗೆ ತಡ್ಕೊಂಡ್ರೋ."

ಮಗನಿಗೆ ಲೋಡು ಇದೆ, ಅದಕ್ಕೇ ನಾನು ಬಂದೆ ಎನ್ನುತ್ತಾ ಜಗಲಿಯ ಹತ್ತಿರ ಬಂದು ನಿಂತುಬಿಟ್ಟಳು. ಬೀದಿಯವರೆಲ್ಲ ನೋಡುತ್ತಿದ್ದರು. ನಮ್ಮತ್ತೆಗೆ ಈಗ ಕಿವಿ ಮಂದ, ಆದರೆ ಕಣ್ಣು ಚೆನ್ನಾಗಿದೆ. ಬಾಗಿಲಲ್ಲಿ ಕೂತು ನೋಡುತ್ತಿದ್ದರು. ಅತ್ತಿಗೆಯ ಕೈಯಲ್ಲಿ ಬಳೆ ಇರಲಿಲ್ಲ. ಅವಳು ದನಿ ತಗ್ಗಿಸಿ ಹೇಳಿದಳು.

"ಮೊರವ ಜಗಲಿ ಮೇಲೆ ಇಡ್ತೀನಿ. ನೀನೇ ಎತ್ಕೊ. ನಾನು ಕೈಗೆ ಕೊಡಬಾರ್ದು."

ಬೀದಿಯ ಮುಂದೆ ನನಗೆ ಮರ್ಯಾದೆ ಹೋಯಿತು ಎಂದು ಅವತ್ತು ನಾನು ಏಣಿ ಹತ್ತಿದವಳು. ಅದೇ ಬೀದಿ ನೋಡುತ್ತಿತ್ತು.

"ಕೈಗೇ ಕೊಡು ಅತ್ತಿಗಮ್ಮ" ಎಂದೆ.

ಅವಳು ಅತ್ತೆಯ ಕಡೆ ನೋಡಿದಳು. ನಾನು ನೋಡಲಿಲ್ಲ. ಸೆರಗು ಒಡ್ಡಿ ನಿಂತೆ. ಕೊಟ್ಟಳು. ಒಳಗೆ ಬಂದು ಮೊರ ತೆರೆದು ಬಳೆ ತೊಟ್ಟುಕೊಂಡೆ. ಒಂದೂ ಒಡೆದಿರಲಿಲ್ಲ.

ಪೂಜೆ ಆಯಿತು. ಅತ್ತಿಗೆ ಸೀರೆ ಬಿಚ್ಚಿ ಗಿಟಾರನ್ನು ಹೊರಗೆ ತೆಗೆದಳು. ಅದೇ ಕಾಫಿ ಬಣ್ಣದ್ದು. ಉಳಿದವೆಲ್ಲ ಕಿರಂಗೂರಿನ ಗೋಡೆಯ ಮೇಲೇ ಇವೆಯಂತೆ. ಯಾರೋ ಎಲ್ಲವನ್ನೂ ಕೊಳ್ಳುತ್ತೇನೆಂದು ಮನೆಗೇ ಬಂದಿದ್ದರಂತೆ. ಅವು ನಮ್ಮವಲ್ಲ ಕಣಪ್ಪ, ಬೇರೆಯವರವು, ರಿಪೇರಿಗೆ ಬಂದಿವೆ ಎಂದು ಹೇಳಿ ಕಳಿಸಿದೆ ಎಂದಳು. ನಗು ಬಂತು ಇಬ್ಬರಿಗೂ. ಆ ನಗು ಮುಗಿಯುವ ಮೊದಲೇ ಹೇಳದಿದ್ದರೆ ಇನ್ನು ಹೇಳುವುದಿಲ್ಲ ಅನ್ನಿಸಿತು.

"ಅತ್ತಿಗಮ್ಮ, ಇದುನ್ನ ಅಟ್ಟಕ್ಕೆ ಆಕಿದ್ದು ನಾನೇ. ಗೊತ್ತಿದ್ದೂ ಆಕ್ದೆ. ಬಳೆ ಒಡೆದ್ನಲ್ಲ ಅಂತ ಸಿಟ್ಟಿತ್ತು. ಅಣ್ಣ ಕೇಳ್ದಾಗ ಸುಳ್ಳೇಳ್ದೆ."

ಅತ್ತಿಗೆ ಆಶ್ಚರ್ಯಪಡಲಿಲ್ಲ. ಗಿಟಾರಿನ ಮೇಲಿನ ಧೂಳನ್ನು ಸೆರಗಿನಿಂದ ಒರೆಸುತ್ತಲೇ ಇದ್ದಳು.

"ಗೊತ್ತು. ತಂದ ದಿನವೇ ಏಳಿದ್ರು. ನ‌ನ್ ತಂಗಿ ಬಳೆ ನಾನು ಒಡೆದೆ, ನನ್ ಗಿಟಾರು ಅವ್ಳು ಒಡೆದ್ಲು, ಸಮ ಆಯ್ತು ಬುಡು ಅಂದ್ರು."

"ಮತ್ತೆ ಆಮೇಲೆ ಒಂದೂ ತರ್ನಿಲ್ವಲ್ಲ."

"ಬಳೆ ಒಡಿತವೆ ಅಂತ ಕಣೆ, ಪೆದ್ದಿ. ಲೋಡು ಮುಗಿಸ್ಕೊಂಡು ಹಿಂದಿನ ಸಂಜೇಗೇ ನಾಗಮಂಗಲಕ್ಕೆ ಬರೋರು. ಇಲ್ಲಿಗೆ ಕೊನೆ ಬಸ್ಸು ಹೋಗಿರೋದು. ಬಸ್ ಸ್ಟಾಂಡಲ್ಲಿ ಮೊರವ ತೊಡೆ ಮೇಲೆ ಮಡಿಕ್ಕೊಂಡು ಕೂತಿರೋರು ಬೆಳಗಾಗೋಗಂಟ. ನನ್ ತಂಗಿ ಆ ಬೀದೀಲಿ ಕೊನೆಯವ್ಳಾಗಿ ಕೂರಕೂಡ್ದು ಅನ್ನೋರು. ಇಲ್ಲಿದ್ದವ್ನೂ ಎತ್ಕೊಂಡ್ ಬಂದ್ರಲ್ಲ, ಅದೂ ನಿಂಗೆ ನಿಮ್ಮತ್ತೆ ಕೈಲಿ ಮಾತು ಬರ್ದೆ ಇರ್ಲಿ ಅಂತ."

ಇಷ್ಟು ವರ್ಷ ಅವನ ಖಾಲಿ ಹೆಗಲನ್ನು ನೋಡಿದೆನೇ ಹೊರತು, ಮೊರ ಹಿಡಿದ ಕೈ ನೋಡಲಿಲ್ಲ. ಅತ್ತಿಗೆ ಮುಂದುವರಿಸಿದಳು. ಸಂಜೆಯಾದರೆ ಅಣ್ಣ ಈ ಗಿಟಾರನ್ನು ಇಳಿಸಿಕೊಂಡು ಕೂರುತ್ತಿದ್ದನಂತೆ. ಬಾರಿಸುವುದಕ್ಕಲ್ಲ. ತೂತಿಗೆ ಮೂಗಿಟ್ಟು, ಇವತ್ತು ನನ್ನ ತಂಗಿ ಮನೆಯಲ್ಲಿ ಅವರೆಕಾಳು ಸಾರು ಎನ್ನುತ್ತಿದ್ದನಂತೆ. ಮಾರನೆಯ ದಿನ, ಇವತ್ತು ಸೊಪ್ಪಿನ ಸಾರು. "ಹುಚ್ಚಲ್ದೆ ಇನ್ನೇನು" ಎಂದಳು ಅತ್ತಿಗೆ. ಮೂಗು ಒರೆಸಿಕೊಂಡಳು.

ಸಮ ಆಯಿತು ಎಂದು ಅವನು ಹೇಳಿದನಂತೆ. ನನಗೆ ಹಾಗೆ ಅನ್ನಿಸುವುದಿಲ್ಲ. ಅವನು ಬಳೆ ಒಡೆದದ್ದು ಗೊತ್ತಿಲ್ಲದೆ. ಒಡೆದ ಮೇಲೆ ಬೀದಿಯಲ್ಲೇ ಕೂತು, ಬೆರಳು ಕುಯ್ದುಕೊಂಡು ಚೂರು ಆಯ್ದ. ನಾನು ಕೋಣೆ ಬಾಗಿಲಲ್ಲಿ ನಿಂತು, ಅದೇ ಹಾಗಾಯಿತು ಎಂದೆ. ಈ ಎರಡು ಸಮ ಹೇಗಾಗುತ್ತದೆ? ಅವನು ಇದ್ದಾಗ ಹೇಳಿದ್ದರೆ ನಗುತ್ತಿದ್ದ, ಅಷ್ಟೇ. ಆ ನಗುವನ್ನು ನಾನು ಕೇಳಲಿಲ್ಲ.

ಊಟ ಆದ ಮೇಲೆ ಅತ್ತಿಗೆ ಎದ್ದು ಸೊಂಟಕ್ಕೆ ಸೆರಗು ಸಿಕ್ಕಿಸಿದಳು. "ಮೊಳೆ ಅದಾ ಮನೇಲಿ?" ಎಂದು ಕೇಳಿದಳು. ಹುಡುಕಿ ಕೊಟ್ಟೆ. ಪಡಸಾಲೆಯ ಗೋಡೆಯನ್ನು ಕೈಯಿಂದ ತಟ್ಟಿ ತಟ್ಟಿ ನೋಡಿ, ಬಿಸಿಲು ಬೀಳದ, ಸೋರದ ಒಂದು ಜಾಗ ಆರಿಸಿದಳು. ಅತ್ತೆ ಬಾಗಿಲಿನಿಂದಲೇ, ಹಬ್ಬದ ದಿನ ಯಾರಾದರೂ ಗೋಡೆಗೆ ಮೊಳೆ ಹೊಡೆಯುತ್ತಾರಾ ಎಂದು ಗೊಣಗಿದರು. ಅತ್ತಿಗೆ ಕಲ್ಲು ಎತ್ತಿದವಳು ಕೈ ತಡೆದು ನನ್ನ ಕಡೆ ತಿರುಗಿದಳು.

"ಇಲ್ಲಿಗೆ ಹೊಗೆ ಬತ್ತದಾ?"

"ಇಲ್ಲ ಅತ್ತಿಗಮ್ಮ."

"ನಿಜ ಏಳು."

"ನಿಜ."

ಮೊಳೆ ಹೊಡೆದು, ಎಳೆದು ನೋಡಿ, ಗಿಟಾರನ್ನು ನೇತು ಹಾಕಿದಳು. ಎರಡು ಹೆಜ್ಜೆ ಹಿಂದೆ ಹೋಗಿ ನಿಂತು ನೋಡಿದಳು. ಆಮೇಲೆ, "ಇನ್ನೊಂದು ಮೊಳೆ ಕೊಡು" ಎಂದಳು.